ಅರವತ್ತರಲ್ಲಿ ಬಿಲ್ಲು ಹಿಡಿದರೆ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮಕ್ಕಳಿಗೆ ಬುದ್ಧಿ ಹೇಳಲು ಈ ಮಾತು ಒಳ್ಳೆಯದೇ. ಆದರೆ ವಯಸ್ಸಾದವರು ಹೊಸದೇನನ್ನಾದರೂ ಕಲಿಯಲು ಹೊರಟರೆ ಇದೇ ಗಾದೆ ಅವರ ಕಾಲಿಗೆ ಹಗ್ಗವಾಗುತ್ತದೆ. ಬಿಲ್ಲು ಮಾಡುವವರ ಅನುಭವ ಮಾತ್ರ ಬೇರೆ. ಎಳೆ ಬಿದಿರು ಬಿಲ್ಲಿಗೆ ಬಾರದು. ಮೂರು ನಾಲ್ಕು ವರ್ಷ ಬಲಿತು, ಕಡಿದ ಮೇಲೆ ಚೆನ್ನಾಗಿ ಒಣಗಿದ ಬಿದಿರೇ ಬೇಕು. ಬಲಿತದ್ದೂ ಬಗ್ಗುತ್ತದೆ, ಆದರೆ ಅವಸರ ಮಾಡಬಾರದು, ಅಷ್ಟೇ.

ಕೊಲ್ಲಾಪುರದ ಪಕ್ಕದಲ್ಲಿ ಪಂಚಗಂಗೆಯ ಸೇತುವೆ ದಾಟಿದರೆ ಶಿರೋಳಿ. ಅಲ್ಲಿ ಕಬ್ಬಿಣ ಕರಗಿಸುವ ಫೌಂಡ್ರಿಗಳು, ಇಚಲಕರಂಜಿಯಲ್ಲಿ ಮಗ್ಗಗಳು, ಗಡಹಿಂಗ್ಲಜದ ಕಡೆ ಕಬ್ಬಿನ ಹೊಲಗಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಈ ಗಡಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಎಷ್ಟೋ ಮಂದಿ. ದುಡಿದ ಕೈ ಸುಮ್ಮನೆ ಕೂರಲಾರದು. 'ಇನ್ನು ನನ್ನಿಂದ ಯಾರಿಗೇನು ಉಪಯೋಗ?' ಎಂಬ ಚಿಂತೆ ಒಳಗೊಳಗೇ ಕೊರೆಯುತ್ತದೆ. ಅಂಥ ಹೊತ್ತಿನಲ್ಲಿ ಅಜ್ಜಂದಿರ ಬೇಟೆಯ ಕಥೆಗಳು ನೆನಪಾಗುತ್ತವೆ. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೋಗುವವರ ವಿಡಿಯೋಗಳು ಮೊಬೈಲಿನಲ್ಲಿ ಕಾಣಸಿಗುತ್ತವೆ. 'ನಾನೂ ಒಂದು ಬಿಲ್ಲು ತರಿಸಲೇ?' ಎಂದು ಯಾರಾದರೂ ಕೇಳಿದರೆ ನಗಬೇಡಿ. ಬಿಲ್ಲು ಹಿಡಿಯಲಿ, ಬೇಟೆ ಮಾತ್ರ ಬೇಡ ಎನ್ನಿ.

ಬೇಟೆ ಏಕೆ ಬೇಡ?

ಮೊದಲನೆಯದು ಕಾನೂನು. ಅಮೆರಿಕದ ರಾಜ್ಯಗಳಲ್ಲಿ ಪರವಾನಗಿ ಪಡೆದು, ನಿಗದಿಯಾದ ಋತುವಿನಲ್ಲಿ ಬಿಲ್ಲಿನಿಂದ ಬೇಟೆಯಾಡಬಹುದು. ಬ್ರಿಟನ್ನಿನಲ್ಲಿ ಅದಕ್ಕೆ ಅವಕಾಶವಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಬಲೆ ಹಾಕುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿಯನ್ನು ಕೊಂದರೆ, ಇಲ್ಲವೆ ಅಭಯಾರಣ್ಯದೊಳಗೆ ಬೇಟೆಯಾಡಿದರೆ, ಮೂರರಿಂದ ಏಳು ವರ್ಷ ಸೆರೆವಾಸ. ಹಂದಿ ಬೆಳೆ ತಿಂದಿತೆಂದು ರೈತ ತಾನಾಗಿಯೇ ಬಾಣ ಬಿಡುವಂತಿಲ್ಲ; ಅರಣ್ಯಾಧಿಕಾರಿಗಳ ಲಿಖಿತ ಅನುಮತಿ ಬೇಕು.

ಎರಡನೆಯದು ಈ ನೆಲದ ಪಾಠ. ಕೊಲ್ಲಾಪುರದ ಅರಸರು ಚೀತಾಗಳನ್ನು ಪಳಗಿಸಿ ಬೇಟೆಯಾಡುತ್ತಿದ್ದರು. ಇಂದು ಭಾರತದ ಮೂಲ ಚೀತಾ ಸಂತತಿಯೇ ಇಲ್ಲ. ಆದರೆ ಅದೇ ಅರಸರ ಬೇಟೆಕಾಡಾಗಿದ್ದ ದಾಜೀಪುರ 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಈಗ ಅದನ್ನು ರಾಧಾನಗರಿ ಅಭಯಾರಣ್ಯ ಎನ್ನುತ್ತಾರೆ. ಒಂದು ಕಾಡೇ ತನ್ನ ದಾರಿ ಬದಲಿಸಬಹುದಾದರೆ ಮನುಷ್ಯ ಬದಲಿಸಲಾರನೇ?

ಬೇಟೆಗಾರರ ಪಾಲಕ ಸಂತ ಹ್ಯೂಬರ್ಟರ ಐತಿಹ್ಯ ಹೇಳುವುದೂ ಇದನ್ನೇ. ಶುಭಶುಕ್ರವಾರದಂದು ಎಲ್ಲರೂ ದೇವಾಲಯಕ್ಕೆ ಹೋದಾಗ ಅವರು ಕಾಡಿಗೆ ಬೇಟೆಗೆ ಹೋದರಂತೆ. ಅಟ್ಟಿಸಿಕೊಂಡು ಹೋದ ಸಾರಂಗ ತಿರುಗಿ ನಿಂತಾಗ ಅದರ ಕೊಂಬುಗಳ ನಡುವೆ ಶಿಲುಬೆ ಕಂಡಿತಂತೆ. ಆ ಬೇಟೆಗಾರ ಮುಂದೆ ಲಿಯೇಜಿನ ಧರ್ಮಾಧ್ಯಕ್ಷರಾಗಿ 727ರಲ್ಲಿ ತೀರಿಕೊಂಡರು. ನವೆಂಬರ್ 3 ಅವರ ಹಬ್ಬ.

ತಡವಾಗಿ ಬಂದವರು

ಬೇಟೆ ಬಿಟ್ಟರೆ ಬಿಲ್ಲಿಗೆ ಏನು ಉಳಿಯಿತು ಎಂದು ಕೇಳಬಹುದು. ಗುರಿ ಉಳಿಯಿತು. ಒಲಿಂಪಿಕ್ಸಿನಲ್ಲಿ ಎಪ್ಪತ್ತು ಮೀಟರ್ ದೂರದಲ್ಲಿ 122 ಸೆಂಟಿಮೀಟರ್ ಅಗಲದ ಹಲಗೆ; ಅದರ ನಡುವೆ ಹತ್ತು ಅಂಕದ ವೃತ್ತ ಕೇವಲ 12.2 ಸೆಂಟಿಮೀಟರ್. ಐವತ್ತು ದಾಟಿದವರಿಗೆ ಅಂತರರಾಷ್ಟ್ರೀಯ ನಿಯಮದಲ್ಲೇ ಪ್ರತ್ಯೇಕ ವಿಭಾಗವಿದೆ. ಅವರಿಗೆ ದೂರ ಅರವತ್ತು ಮೀಟರ್.

1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬಿಲ್ಲುಗಾರಿಕೆಯ ಚಿನ್ನ ಗೆದ್ದ ಕ್ವೀನಿ ನ್ಯೂವಾಲ್ ಅವರಿಗೆ ಆಗ 53 ವರ್ಷ. ಎರಡನೆಯವರಾಗಿ ಬಂದ ಲಾಟಿ ಡಾಡ್ ಐದು ಸಲ ವಿಂಬಲ್ಡನ್ ಗೆದ್ದಿದ್ದ ಹೆಸರಾಂತ ಆಟಗಾರ್ತಿ. ವಯಸ್ಸಿನಲ್ಲಿ ಹದಿನೇಳು ವರ್ಷ ಕಿರಿಯರು. ಬೇಲೂರಿನ ಶಿಲಾಬಾಲಿಕೆಯರಲ್ಲಿ ಬಿಲ್ಲು ಹಿಡಿದವಳನ್ನು ನೋಡಿದ ಕನ್ನಡಿಗರಿಗೆ, ಹೆಂಗಸರ ಕೈಗೆ ಬಿಲ್ಲು ಹೊಸದೆಂದು ಹೇಳಬೇಕಾಗಿಲ್ಲ. ನಮ್ಮ ತಾಯಂದಿರೂ ಇದನ್ನು ಗಮನಿಸಲಿ.

ನಮ್ಮ ದೇಶದ ರಾಕೇಶ್ ಕುಮಾರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದವರು. 2017ರಲ್ಲಿ, ಇತರ ಆಟಗಾರರು ನಿವೃತ್ತಿಯ ಯೋಚನೆ ಮಾಡುವ 32ರ ವಯಸ್ಸಿನಲ್ಲಿ, ಮೊದಲ ಬಾರಿ ಬಿಲ್ಲು ಹಿಡಿದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ 17ರ ಶೀತಲ್ ದೇವಿಯ ಜೊತೆಗೂಡಿ ಕಂಚು ಗೆದ್ದಾಗ ಅವರಿಗೆ 39. ಬಿಲ್ಲಿನ ಮೈದಾನದಲ್ಲಿ ಹಿರಿಯರೂ ಕಿರಿಯರೂ ಒಂದೇ ಸಾಲಿನಲ್ಲಿ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಕಲಿಸುವವರೂ ದೂರದಲ್ಲಿಲ್ಲ. ಶಿರೋಳಿಯ ಮುಂದೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಉತ್ತರಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಸಾತಾರಾ. ಅಲ್ಲಿ ಪೊಲೀಸ್ ಇಲಾಖೆಯ ಪ್ರವೀಣ್ ಸಾವಂತ್ ಅವರ ಬಳಿ ಕಲಿತ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ 2023ರಲ್ಲಿ ಬರ್ಲಿನ್ನಿನಲ್ಲಿ ವಿಶ್ವ ಚಾಂಪಿಯನ್ನರಾದರು. ಅದಿತಿಗೆ ಆಗ ಹದಿನೇಳು ವರ್ಷ.

ಆರಂಭ ಹೇಗೆ?

ವಯಸ್ಸಾದವರು ಮಾಡುವ ದೊಡ್ಡ ತಪ್ಪು ಬಿಗಿಯಾದ ಬಿಲ್ಲು ತರಿಸುವುದು. ಮೂರು ದಶಕ ಭಾರ ಎತ್ತಿದವರಿಗೆ ಹಗುರ ಬಿಲ್ಲು ಹಿಡಿಯಲು ನಾಚಿಕೆ. ಆದರೆ ಬಿಲ್ಲು ಎಳೆಯುವುದು ತೋಳಿನಿಂದಲ್ಲ, ಬೆನ್ನಿನ ಸ್ನಾಯುಗಳಿಂದ. ಆ ಸ್ನಾಯುಗಳು ಕಲಿಯುವ ಮೊದಲೇ ಭಾರ ಹಾಕಿದರೆ ಭುಜದ ಕೀಲಿಗೆ ಪೆಟ್ಟು. ಐವತ್ತು ದಾಟಿದ ಭುಜ ಒಮ್ಮೆ ನೊಂದರೆ ತಿಂಗಳುಗಟ್ಟಲೆ ಕಾಡುತ್ತದೆ. ಆದ್ದರಿಂದ ಈ ಮಾತುಗಳನ್ನು ನೆನಪಿಡಿ:

* ಮೊದಲು ವೈದ್ಯರನ್ನು ಕಾಣಿರಿ. ಭುಜದ ನೋವು, ರಕ್ತದೊತ್ತಡ, ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಮುಚ್ಚಿಡದೆ ಹೇಳಿರಿ.
* ಬಿಲ್ಲಿನ ಎಳೆತ 14ರಿಂದ 20 ಪೌಂಡಿನೊಳಗೆ ಇರಲಿ.
* ಯಾವ ಕಣ್ಣು ಪ್ರಬಲ ಎಂಬುದನ್ನು ತರಬೇತುದಾರರು ಪರೀಕ್ಷಿಸಲಿ. ಬಿಲ್ಲು ಯಾವ ಕೈಯಲ್ಲಿ ಎಂಬುದು ಅದರ ಮೇಲೆ ನಿಂತಿದೆ.
* ಮೊದಲು ಐದು, ಹತ್ತು ಮೀಟರ್ ದೂರ ಸಾಕು. ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತು ಬಾಣ.
* ಎಳೆಯುವಾಗ ಉಸಿರು ಬಿಗಿಹಿಡಿದು ತಿಣುಕಬೇಡಿ.
* ಬಾಣವಿಲ್ಲದೆ ನಾಣನ್ನು ಎಳೆದು ಬಿಡಬೇಡಿ. ಬಿಲ್ಲು ಸೀಳಿ ಮುಖಕ್ಕೆ ಬಡಿಯಬಹುದು.
* ಓಣಿಯಲ್ಲಿ, ಅಂಗಳದಲ್ಲಿ, ಮಕ್ಕಳು ಓಡಾಡುವಲ್ಲಿ ಬಾಣ ಬಿಡಲೇಬಾರದು. ಎಲ್ಲರೂ ಬಾಣ ಬಿಟ್ಟು ಮುಗಿಸಿದ ಮೇಲೆಯೇ ಹಲಗೆಯ ಕಡೆ ನಡೆಯಬೇಕು.

ಬಾಣ ಕಲಿಸುವ ಪಾಠ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಬಳಸಿರುವ 'ಹಮಾರ್ತಿಯಾ' ಎಂಬ ಪದದ ಹಳೆಯ ಅರ್ಥ ಗುರಿ ತಪ್ಪುವುದು. ಗುರಿ ತಪ್ಪಿದ ಬಿಲ್ಲುಗಾರ ಏನು ಮಾಡುತ್ತಾನೆ? ಬಿಲ್ಲು ಎಸೆದು ಮನೆಗೆ ಹೋಗುವುದಿಲ್ಲ. ಎಲ್ಲಿ ತಪ್ಪಿತೆಂದು ನೋಡುತ್ತಾನೆ, ನಿಲುವು ಸರಿಪಡಿಸುತ್ತಾನೆ, ಇನ್ನೊಂದು ಬಾಣ ಹೂಡುತ್ತಾನೆ. ಪಾಪನಿವೇದನೆಯ ಸಂಸ್ಕಾರದಲ್ಲಿ ನಾವು ಮಾಡುವುದೂ ಇದೇ ಅಲ್ಲವೇ?

ಇನ್ನೊಂದು ಪಾಠ ಮನೆಗೆ ಸಂಬಂಧಿಸಿದ್ದು. ಬಿಟ್ಟ ಬಾಣ, ಆಡಿದ ಮಾತು ಹಿಂದಿರುಗವು. ಮನೆಯಲ್ಲಿ ಹಿರಿಯರ ಕೋಪದ ಮಾತು ಸೊಸೆಗೂ ಮೊಮ್ಮಗನಿಗೂ ನಾಟುತ್ತದೆ. ಎಳೆದ ಬಾಣವನ್ನು ಬಿಡದೆ ನಿಧಾನವಾಗಿ ಕೆಳಗಿಳಿಸುವುದನ್ನು ಬಿಲ್ಲುಗಾರ ಮೊದಲು ಕಲಿಯುತ್ತಾನೆ. ನಾಲಗೆಗೂ ಆ ಅಭ್ಯಾಸ ಒಳ್ಳೆಯದು.

ಎಲ್ಲಕ್ಕಿಂತ ಮಿಗಿಲಾದುದು ಶಿಷ್ಯನಾಗುವ ವಿನಯ. ಮನೆಗೆ ಯಜಮಾನ, ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವನು ಅರವತ್ತರಲ್ಲಿ ಇಪ್ಪತ್ತೈದರ ಗುರುವಿನ ಮುಂದೆ 'ಸರಿಯಾಯಿತೇ?' ಎಂದು ಕೇಳಬೇಕು. ಅದು ಸುಲಭವಲ್ಲ. ಕೇಳಬಲ್ಲವನಿಗೆ ಮುಪ್ಪು ಭಾರವಾಗದು.

ಸಂತ ಸೆಬಾಸ್ಟಿಯನ್ನರು ಬಾಣಗಳ ನಡುವೆಯೂ ವಿಶ್ವಾಸ ಬಿಡದವರು; ಬಿಲ್ಲುಗಾರರಿಗೂ ಪಾಲಕರು. ಜನವರಿ 20ರಂದು ಅವರ ಹಬ್ಬ. ನಮ್ಮ ಧರ್ಮಕೇಂದ್ರಗಳಲ್ಲಿ ಆ ವಾರದ ಆಟೋಟಗಳಲ್ಲಿ ಮಕ್ಕಳ ಓಟ, ಹೆಂಗಸರ ಹಗ್ಗಜಗ್ಗಾಟದ ಜೊತೆಗೆ ಹಿರಿಯರಿಗೊಂದು ಗುರಿಹಲಗೆಯನ್ನೂ ಇಡಬಾರದೇಕೆ? ತರಬೇತಿ ಪಡೆದವರೊಬ್ಬರು ಪಕ್ಕದಲ್ಲಿರಲಿ, ಸುತ್ತ ಹಗ್ಗ ಕಟ್ಟಿರಲಿ. ಅಜ್ಜ ಬಾಣ ಬಿಡಲಿ, ಅಜ್ಜಿಯೂ ಬಿಡಲಿ, ಮೊಮ್ಮಕ್ಕಳು ಅಂಕ ಬರೆದುಕೊಳ್ಳಲಿ. ಎಷ್ಟು ಅಂಕ ಬಂತೆಂಬುದು ಮುಖ್ಯವಲ್ಲ. ಮನೆಯ ಮೂಲೆಯಲ್ಲಿ ಕುಳಿತಿದ್ದವರು ಎದ್ದು ಬಂದು ಸಾಲಿನಲ್ಲಿ ನಿಂತರಲ್ಲ, ಅದೇ ಸಂತೋಷ.