ಗ್ರಾಫಿಕ್ಸ್ ಕಾರ್ಡಿನ ವೇಗವೂ ವೋಲ್ಟೇಜೂ: ಭದ್ರತೆಯ ಅಂಚೊಂದರ ವಿಚಾರ

ಯಂತ್ರವೊಂದನ್ನು ಕೊಂಡವನು ತಯಾರಕನು ಕಟ್ಟಿಕೊಟ್ಟ ಅಳತೆಯಲ್ಲಿಯೇ ಅದನ್ನು ನಡೆಯಿಸುವುದು ಲೋಕರೂಢಿ. ಹೊಲಿಗೆಯ ಯಂತ್ರವಾಗಲಿ, ಹಿಟ್ಟಿನ ಗಿರಣಿಯಾಗಲಿ, ಗೊತ್ತುಮಾಡಿದ ವೇಗವನ್ನು ಮೀರಿಸಲು ಗೃಹಸ್ಥನು ಕೈಹಾಕುವುದಿಲ್ಲ. ಆದರೆ ಗಣಕಯಂತ್ರದಲ್ಲಿ ಆಟವಾಡುವ ತರುಣರ ನಡುವೆ ಈ ರೂಢಿಗೆ ಹೊರತಾದ ಎರಡು ಪದ್ಧತಿಗಳು ನೆಲೆಗೊಂಡಿವೆ. ಗ್ರಾಫಿಕ್ಸ್ ಕಾರ್ಡನ್ನು ತಯಾರಕನು ಗೊತ್ತುಮಾಡಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು ಒಂದು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಗೊತ್ತುಮಾಡಿದುದಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ ಅದರಿಂದ ಕೆಲಸ ತೆಗೆಯುವುದು ಇನ್ನೊಂದು, ಇದು ಅಂಡರ್‌ವೋಲ್ಟಿಂಗ್. ಮೇಲ್ನೋಟಕ್ಕೆ ಒಂದು ಹೆಚ್ಚಿಸುವ, ಇನ್ನೊಂದು ತಗ್ಗಿಸುವ, ಪರಸ್ಪರ ವಿರುದ್ಧವಾದ ಕ್ರಿಯೆಗಳು. ವಿಚಾರಮಾಡಿ ನೋಡಿದರೆ, ಇವೆರಡೂ ಒಂದೇ ಗಂಟಿನಿಂದ ವೆಚ್ಚಮಾಡುವ ಎರಡು ಬಗೆಗಳು. ಆ ಗಂಟು ಯಾವುದು, ಅದನ್ನು ಏಕೆ ಇಟ್ಟರು, ಅದಕ್ಕೆ ಕೈಹಾಕುವವನ ಹೊಣೆಯೇನು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ತೆರೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಬರೆಯುವ ಉಪಕರಣವೇ ಗ್ರಾಫಿಕ್ಸ್ ಕಾರ್ಡು. ನಿದರ್ಶನಕ್ಕಾಗಿ 2020ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ ಸಂಸ್ಥೆಯು ಹೊರತಂದ ಜಿಫೋರ್ಸ್ ಆರ್‌ಟಿಎಕ್ಸ್ 3080 ಎಂಬ ಕಾರ್ಡನ್ನು ತೆಗೆದುಕೊಳ್ಳೋಣ. ಅದರ ಚಿಪ್‌ನಲ್ಲಿ ಸುಮಾರು 2830 ಕೋಟಿ ಟ್ರಾನ್ಸಿಸ್ಟರುಗಳಿವೆ. ಇವೆಲ್ಲವೂ ಒಂದು ಮಿಡಿತಕ್ಕೆ ಅನುಗುಣವಾಗಿ ನಡೆಯತಕ್ಕವು. ತಯಾರಕರು ಘೋಷಿಸಿರುವ ಏರುವೇಗ 1710 ಮೆಗಾಹರ್ಟ್ಸ್. ಎಂದರೆ ಒಂದು ಸೆಕೆಂಡಿಗೆ 171 ಕೋಟಿ ಮಿಡಿತಗಳು. ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ನಡುವಣ ಅವಧಿ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ವಿದ್ಯುತ್ಸಂಕೇತವು ಹಲವು ಟ್ರಾನ್ಸಿಸ್ಟರುಗಳನ್ನು ಹಾದು, ಉತ್ತರವನ್ನು ಮುಂದಿನ ಮನೆಗೆ ಒಪ್ಪಿಸಿರಬೇಕು. ಒಪ್ಪಿಸುವ ಮುನ್ನವೇ ಮುಂದಿನ ಮಿಡಿತ ಬಂದರೆ ಆ ಮನೆಯಲ್ಲಿ ತಪ್ಪು ಅಂಕಿ ಕೂರುತ್ತದೆ.

ಇಲ್ಲಿಯೇ ವೋಲ್ಟೇಜಿನ ಪಾತ್ರ ಬರುವುದು. ವೋಲ್ಟೇಜು ಹೆಚ್ಚಿದ್ದರೆ ಟ್ರಾನ್ಸಿಸ್ಟರು ಬೇಗ ತೆರೆದು ಮುಚ್ಚುತ್ತದೆ, ಕಡಿಮೆಯಿದ್ದರೆ ನಿಧಾನಿಸುತ್ತದೆ. ಓವರ್‌ಕ್ಲಾಕಿಂಗಿನಲ್ಲಿ ಮಿಡಿತಗಳ ನಡುವಣ ಅವಧಿಯನ್ನು ಕಿರಿದುಮಾಡುತ್ತೇವೆ. ಅಂಡರ್‌ವೋಲ್ಟಿಂಗಿನಲ್ಲಿ ಅವಧಿಯನ್ನು ಹಾಗೆಯೇ ಬಿಟ್ಟು ಸಂಕೇತದ ನಡಿಗೆಯನ್ನು ನಿಧಾನಮಾಡುತ್ತೇವೆ. ಎರಡರಲ್ಲಿಯೂ ಸಂಕೇತವು ಮುಟ್ಟುವ ಗಳಿಗೆಗೂ ಮಿಡಿತವು ಬೀಳುವ ಗಳಿಗೆಗೂ ನಡುವೆ ಉಳಿಯುವ ಬಿಡುವು ಕಡಿಮೆಯಾಗುತ್ತದೆ. ಈ ಬಿಡುವೇ ಮೇಲೆ ಹೇಳಿದ ಗಂಟು.

ತಯಾರಕನು ಇದನ್ನು ಏಕೆ ಇಡುತ್ತಾನೆ? ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಒಡವೆಯ ಅಡವಿನ ಮೇಲೆ ಸಾಲ ಕೊಡುವಾಗ ಅದರ ಪೂರ್ತಿ ಬೆಲೆಗೆ ನಾವು ಸಾಲ ಕೊಡುವುದಿಲ್ಲ. ಒಂದು ಅಂಶವನ್ನು ಬಿಟ್ಟು ಉಳಿದುದಕ್ಕೆ ಕೊಡುತ್ತೇವೆ. ಬಿಟ್ಟ ಅಂಶಕ್ಕೆ ಮಾರ್ಜಿನ್ ಎನ್ನುತ್ತಾರೆ. ಮುಂದೆ ಬೆಲೆ ಇಳಿದರೂ ಸಾಲವು ಭದ್ರವಾಗಿರಲೆಂಬುದು ಅದರ ಉದ್ದೇಶ. ಇಳಿಯದೆ ಹೋದರೆ ಆ ಅಂಚು ವ್ಯರ್ಥವೆಂದು ತೋರುತ್ತದೆ; ಇಳಿದ ದಿನ ಅದರ ಬೆಲೆ ತಿಳಿಯುತ್ತದೆ. ಚಿಪ್‌ನ ವಿಚಾರವೂ ಹೀಗೆಯೇ. ಒಂದೇ ಅಚ್ಚಿನಲ್ಲಿ ತಯಾರಾದ ಚಿಪ್‌ಗಳಾದರೂ ಒಂದರಂತೆ ಇನ್ನೊಂದಿಲ್ಲ. ಒಂದು 0.85 ವೋಲ್ಟಿನಲ್ಲಿ ಮಾಡುವ ಕೆಲಸಕ್ಕೆ ಇನ್ನೊಂದಕ್ಕೆ 0.95 ಬೇಕಾದೀತು. ತಯಾರಕನು ಲಕ್ಷಗಟ್ಟಲೆ ಚಿಪ್‌ಗಳಿಗೆ ಭರವಸೆ ಕೊಡಬೇಕಾದವನು. ಆದುದರಿಂದ ಮಾರಾಟಕ್ಕೆ ಅರ್ಹವಾದವುಗಳಲ್ಲಿ ತೀರ ದುರ್ಬಲವಾದುದಕ್ಕೂ ಸಾಲುವಷ್ಟು ವೋಲ್ಟೇಜನ್ನು ಗೊತ್ತುಮಾಡುತ್ತಾನೆ. ಅದರ ಮೇಲೆ ಬೇಸಗೆಯ ಸೆಕೆ, ಭಾರವು ಹಠಾತ್ತನೆ ಏರಿದಾಗ ವೋಲ್ಟೇಜು ಕ್ಷಣಕಾಲ ಕುಸಿಯುವುದು, ವರ್ಷಗಳು ಕಳೆದಂತೆ ಟ್ರಾನ್ಸಿಸ್ಟರುಗಳು ಮುದಿಯಾಗುವುದು, ಇವಕ್ಕೂ ಒಂದಿಷ್ಟು ಸೇರಿಸುತ್ತಾನೆ. ನಮ್ಮ ಮನೆಗೆ ಬಂದ ಚಿಪ್ ಒಳ್ಳೆಯದಾಗಿದ್ದರೆ ಈ ಅಂಚಿನ ದೊಡ್ಡ ಭಾಗ ಅದಕ್ಕೆ ಬೇಕಾಗಿಯೇ ಇರುವುದಿಲ್ಲ.

ಬೇಡದ ಅಂಚು ಇದ್ದರೇನು ನಷ್ಟವೆಂದು ಕೇಳಬಹುದು. ನಷ್ಟವಿರುವುದು ಶಾಖದ ರೂಪದಲ್ಲಿ. ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದಕ್ಕೆ ತಗಲುವ ವಿದ್ಯುತ್ತು ವೇಗಕ್ಕೆ ಸಮಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜಿಗಾದರೋ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಲೆಕ್ಕಮಾಡಿ ನೋಡೋಣ. ವೇಗವನ್ನು ಶೇಕಡ 10 ಏರಿಸಲು ವೋಲ್ಟೇಜನ್ನೂ ಶೇಕಡ 10 ಏರಿಸಬೇಕಾಯಿತೆನ್ನಿ. ಆಗ ವ್ಯಯವು 1.1ನ್ನು ಮೂರು ಬಾರಿ ಗುಣಿಸಿದಷ್ಟು, ಎಂದರೆ 1.33 ಪಟ್ಟು ಆಗುತ್ತದೆ. ಹತ್ತರ ಲಾಭಕ್ಕೆ ಮೂವತ್ತಮೂರರ ಖರ್ಚು. ಇದಕ್ಕೆ ಬದಲಾಗಿ, 1.00 ವೋಲ್ಟಿನಲ್ಲಿ ಓಡುತ್ತಿದ್ದ ಚಿಪ್ಪನ್ನು 0.85 ವೋಲ್ಟಿಗೆ ಇಳಿಸಿ, ವೇಗದಲ್ಲಿ ಶೇಕಡ 5ನ್ನು ಬಿಟ್ಟುಕೊಟ್ಟರೆ, ವ್ಯಯವು 0.69 ಪಟ್ಟಿಗೆ ಇಳಿಯುತ್ತದೆ. ಐದನ್ನು ಬಿಟ್ಟು ಮೂವತ್ತೊಂದನ್ನು ಉಳಿಸಿದಂತಾಯಿತು. ಕಾರ್ಡಿನ ಸ್ಮೃತಿಕೋಶಗಳಿಗೂ ಬೀಸಣಿಗೆಗೂ ತಗಲುವ ವಿದ್ಯುತ್ತು ಇದರಿಂದ ಇಳಿಯದುದರಿಂದ ಒಟ್ಟು ಉಳಿತಾಯ ಇದಕ್ಕಿಂತ ಸ್ವಲ್ಪ ಕಡಿಮೆಯಿರುತ್ತದೆ. ಆದರೂ ಅದು ಅಲ್ಪವಲ್ಲ.

ಹಿಂದೆ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಟ್ರಾನ್ಸಿಸ್ಟರನ್ನು ಕಿರಿದುಮಾಡಿದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದೆಂದು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಮತ್ತು ಅವರ ಸಹೋದ್ಯೋಗಿಗಳು 1974ರಲ್ಲಿ ತೋರಿಸಿಕೊಟ್ಟರು. ಸುಮಾರು ಮೂವತ್ತು ವರ್ಷ ಈ ಸೂತ್ರವು ನಡೆಯಿತು. 2005ರ ಆಚೀಚೆ, ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ತು ಸೋರುವುದು ಮಿತಿಮೀರಿದುದರಿಂದ, ವೋಲ್ಟೇಜನ್ನು ಹಾಗೆ ಇಳಿಸುತ್ತ ಹೋಗುವುದು ಅಸಾಧ್ಯವಾಯಿತು. ಅಂದಿನಿಂದ ಸಾಮರ್ಥ್ಯ ಬೆಳೆದಂತೆ ಶಾಖವೂ ಬೆಳೆಯುತ್ತ ಬಂದಿದೆ. 2020ರ 3080 ಕಾರ್ಡಿಗೆ 320 ವ್ಯಾಟ್, 2022ರ 4090 ಕಾರ್ಡಿಗೆ 450 ವ್ಯಾಟ್, 2025ರ 5090 ಕಾರ್ಡಿಗೆ 575 ವ್ಯಾಟ್ ಎಂದು ತಯಾರಕರೇ ನಮೂದಿಸಿದ್ದಾರೆ. ಕಾರ್ಡು ನುಂಗಿದ ವಿದ್ಯುತ್ತೆಲ್ಲವೂ ಕಡೆಗೆ ಕೋಣೆಯ ಶಾಖವೇ. 320 ವ್ಯಾಟ್ ಎಂದರೆ 60 ವ್ಯಾಟಿನ ಹಳೆಯ ಬಲ್ಬುಗಳನ್ನು ಐದರ ಮೇಲೆ ಹೊತ್ತಿಸಿಟ್ಟಂತೆ. ಮೇ ತಿಂಗಳಲ್ಲಿ ಮುಂಬಯಿಯ ಒಂದು ಸಣ್ಣ ಕೋಣೆಯಲ್ಲಿ ಇದರ ಅರ್ಥವೇನೆಂಬುದನ್ನು ಇಲ್ಲಿನ ವಾಚಕರಿಗೆ ವಿವರಿಸಬೇಕಾಗಿಲ್ಲ.

ಗಂಟಿನಿಂದ ವೇಗವನ್ನು ಕೊಳ್ಳುವ ಹವ್ಯಾಸವೇ ಮೊದಲು ಹಬ್ಬಿತು. 1998ರಲ್ಲಿ ಇಂಟೆಲ್ ಸಂಸ್ಥೆಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿ ಓಡಿಸಿದವರು ಬಹಳ ಮಂದಿ. ಅಂದು ಅಂಚು ಅಷ್ಟು ಅಗಲವಾಗಿತ್ತು. ಇಂದು ಹಾಗಿಲ್ಲ. 2012ರಿಂದ ಎನ್‌ವಿಡಿಯಾ ಕಾರ್ಡುಗಳು ಶಾಖಕ್ಕೂ ವಿದ್ಯುತ್ತಿಗೂ ಎಡೆಯಿದ್ದಷ್ಟು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ವೇಗದ ಕಡೆಯ ಅಂಚನ್ನು ಕಾರ್ಖಾನೆಯೇ ಮುಕ್ಕಾಲುಪಾಲು ವೆಚ್ಚಮಾಡಿಬಿಟ್ಟಿರುತ್ತದೆ. ಆ ವೆಚ್ಚ ಕೆಲವೊಮ್ಮೆ ಅತಿಯಾಗುವುದೂ ಉಂಟು. 3080 ಕಾರ್ಡುಗಳು ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಅವು ತಾವಾಗಿ 2000 ಮೆಗಾಹರ್ಟ್ಸ್‌ನ ಸಮೀಪಕ್ಕೆ ಏರಿದಾಗ ಆಟಗಳು ಕುಸಿದು ನಿಲ್ಲುತ್ತಿವೆಯೆಂದು ದೂರುಗಳು ಬಂದುವು. ಚಿಪ್‌ನ ಹಿಂಬದಿಯಲ್ಲಿ ವೋಲ್ಟೇಜನ್ನು ಸಮಸ್ಥಿತಿಯಲ್ಲಿಡುವ ಕೆಪಾಸಿಟರುಗಳ ಆಯ್ಕೆಯನ್ನು ಕುರಿತು ಬಹಳ ಚರ್ಚೆ ನಡೆಯಿತು. ಆ ತಿಂಗಳ ಕೊನೆಯಲ್ಲಿ ಹೊರಟ 456.55 ಎಂಬ ಡ್ರೈವರ್ ತಂತ್ರಾಂಶದಿಂದ ಸ್ಥಿರತೆ ಸುಧಾರಿಸಿತು. ಅಂಚನ್ನು ತೆಳುಮಾಡಿದರೆ ಬಲ್ಲವರೂ ಎಡವಬಹುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಕ್ರಮದ ವಿಚಾರ. ಎಂ.ಎಸ್.ಐ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಒಂದು ವಕ್ರರೇಖೆ ಕಾಣಿಸುತ್ತದೆ. ಅಡ್ಡಗೆರೆಯಲ್ಲಿ ವೋಲ್ಟೇಜು, ನಿಲುಗೆರೆಯಲ್ಲಿ ವೇಗ. ಇಷ್ಟು ವೋಲ್ಟೇಜಿಗೆ ಇಷ್ಟು ವೇಗವೆಂಬ ತಯಾರಕನ ಒಡಂಬಡಿಕೆಯೇ ಈ ರೇಖೆ. ಅಂಡರ್‌ವೋಲ್ಟಿಂಗ್ ಮಾಡುವವನು 0.85 ವೋಲ್ಟಿನಂತಹ ಒಂದು ಬಿಂದುವನ್ನು ಆರಿಸಿ, ಅದನ್ನು ತನಗೆ ಬೇಕಾದ ವೇಗಕ್ಕೆ ಎತ್ತಿ, ಅದರ ಬಲಕ್ಕಿರುವ ಬಿಂದುಗಳನ್ನೆಲ್ಲ ಅದೇ ಮಟ್ಟಕ್ಕೆ ಇಳಿಸುತ್ತಾನೆ. ವಾಚಕರು ಇದನ್ನು ಗಮನಿಸಬೇಕು: ಆ ಒಂದು ಬಿಂದುವಿನ ಮಟ್ಟಿಗೆ ಅವನು ಮಾಡಿದುದು ಓವರ್‌ಕ್ಲಾಕಿಂಗೇ! ಆ ವೋಲ್ಟೇಜಿಗೆ ತಯಾರಕನು ಕೊಟ್ಟುದಕ್ಕಿಂತ ಹೆಚ್ಚಿನ ವೇಗವನ್ನು ಅವನು ಕೇಳಿದ್ದಾನೆ. ಎರಡು ಪದ್ಧತಿಗಳು ಒಂದೇ ಎಂದು ಆರಂಭದಲ್ಲಿ ಹೇಳಿದುದು ಈ ಕಾರಣದಿಂದಲೇ. ಎ.ಎಂ.ಡಿ. ಸಂಸ್ಥೆಯ ರೇಡಿಯಾನ್ ಕಾರ್ಡುಗಳಿಗೆ ಆ ಸಂಸ್ಥೆಯ ಆಡ್ರೆನಲಿನ್ ತಂತ್ರಾಂಶದಲ್ಲಿಯೇ ವೋಲ್ಟೇಜು ಇಳಿಸುವ ಅನುಕೂಲವಿದೆ.

ನಮ್ಮ ಮನೆಯಲ್ಲಿ ಮಗನ ಗಣಕದ 320 ವ್ಯಾಟಿನ ಕಾರ್ಡಿನ ಮೇಲೆ ಕಳೆದ ಬೇಸಗೆಯಲ್ಲಿ ಈ ಪ್ರಯೋಗ ಮಾಡಿದೆವು. ಮೊದಲು 1800 ಮೆಗಾಹರ್ಟ್ಸ್‌ಗೆ 0.825 ವೋಲ್ಟೆಂದು ಇಟ್ಟೆವು. ಎರಡು ಗಂಟೆಗಳ ಪರೀಕ್ಷೆ ನಿರ್ವಿಘ್ನವಾಗಿ ಮುಗಿಯಿತು, ಗೆದ್ದೆವೆಂದುಕೊಂಡೆವು. ಮೂರನೆಯ ದಿನ ಬೇರೊಂದು ಆಟವನ್ನು ತೆರೆದಾಗ, ಹತ್ತು ನಿಮಿಷದೊಳಗೆ ತೆರೆ ಕಪ್ಪಾಯಿತು. ತಪ್ಪು ಕಾರ್ಡಿನದಲ್ಲ, ನಮ್ಮದು. ಒಂದೇ ಬಗೆಯ ಭಾರವನ್ನು ಹೊರಿಸಿ, ಎಲ್ಲ ಭಾರವನ್ನೂ ಹೊರುತ್ತದೆಂದು ತೀರ್ಮಾನಿಸಿದ್ದೆವು. 0.862 ವೋಲ್ಟಿಗೆ ಏರಿಸಿದ ಮೇಲೆ ಇದುವರೆಗೆ ಅಂತಹ ತೊಡಕು ಬಂದಿಲ್ಲ. ವ್ಯಯವು 240 ವ್ಯಾಟಿನ ಸುತ್ತಮುತ್ತ ಇದೆ. ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ ಒಂಬತ್ತೂವರೆ ಯೂನಿಟ್ಟು ಉಳಿದಂತೆ. ಹಣದಲ್ಲಿ ಅದು ದೊಡ್ಡದಲ್ಲ. ಬೀಸಣಿಗೆಯ ಮೊರೆತ ತಗ್ಗಿದುದೂ ಕೋಣೆಯ ಬೇಗೆ ಇಳಿದುದೂ ನಿಜವಾದ ಲಾಭ.

ವೋಲ್ಟೇಜು ಇಳಿಸುವುದರಿಂದ ಚಿಪ್ ಸುಟ್ಟುಹೋಗುವ ಭಯವಿಲ್ಲ. ಭಯವಿರುವುದು ಸದ್ದಿಲ್ಲದ ತಪ್ಪಿನದು. ತೆರೆ ಕಪ್ಪಾಗುವುದು ಒಂದು ರೀತಿಯಲ್ಲಿ ಪ್ರಾಮಾಣಿಕವಾದ ಸೋಲು. ಅಂಚಿನ ತುದಿಯಲ್ಲಿ ಓಡುವ ಚಿಪ್ ನಿಲ್ಲದೆಯೂ ತಪ್ಪು ಅಂಕಿಯನ್ನು ಕೊಡಬಲ್ಲುದು. ಸ್ಮೃತಿಕೋಶಗಳ ವೇಗವನ್ನು ಏರಿಸುವಲ್ಲಿ ಇನ್ನೊಂದು ಮರೆಯುಂಟು: ಈ ಕಾರ್ಡುಗಳಲ್ಲಿ ರವಾನೆಯ ತಪ್ಪನ್ನು ಗುರುತಿಸಿ ಮತ್ತೆ ಕಳುಹಿಸುವ ಏರ್ಪಾಡಿರುವುದರಿಂದ, ಮಿತಿಮೀರಿ ಏರಿಸಿದರೂ ಕಾರ್ಡು ನಿಲ್ಲದು, ಕೆಲಸ ಮಾತ್ರ ನಿಧಾನವಾಗುತ್ತದೆ. ಆದುದರಿಂದ ಏರಿಸಿದ ಅಂಕಿಯನ್ನು ನಂಬದೆ, ಮುಗಿದ ಕೆಲಸವನ್ನು ಅಳೆಯಬೇಕು.

ಆಟದಲ್ಲಿ ಒಂದು ಚುಕ್ಕಿಯ ಬಣ್ಣ ತಪ್ಪಿದರೆ ಯಾರಿಗೂ ಹಾನಿಯಿಲ್ಲ. ಆದರೆ ಸಂಜೆ ಆಟವಾಡುವ ಕಾರ್ಡಿನಿಂದಲೇ ರಾತ್ರಿ ಬೇರೆ ಕೆಲಸ ತೆಗೆಯುವ ಕಾಲವಿದು. ಹಳೆಯ ಕನ್ನಡ ಪುಸ್ತಕಗಳ ಪುಟಚಿತ್ರಗಳನ್ನು ಓದಿಸಿ ಅಕ್ಷರವಾಗಿ ಪರಿವರ್ತಿಸುವ ತಂತ್ರಾಂಶಗಳು ಇದೇ ಕಾರ್ಡಿನ ಮೇಲೆ ಓಡಬಲ್ಲುವು. ಅಲ್ಲಿ ಸದ್ದಿಲ್ಲದೆ ಒಂದು ಒತ್ತಕ್ಷರ ಬದಲಾದರೆ ಅದನ್ನು ಹಿಡಿಯುವವರಾರು? ಅಂತಹ ಕೆಲಸದ ದಿನ ಕಾರ್ಡನ್ನು ತಯಾರಕನ ಅಳತೆಗೆ ಮರಳಿಸುವುದು ಲೇಸು. ತಂತ್ರಾಂಶದಲ್ಲಿ ಅದು ಒಂದೇ ಗುಂಡಿಯ ಕೆಲಸ.

ಕಾರ್ಡು ಎಲ್ಲಿ ಸೋಲುತ್ತದೆಂಬುದನ್ನು ಕಂಡುಕೊಂಡ ಮೇಲೆ ಎರಡು ಮೆಟ್ಟಿಲು ಹಿಂದಕ್ಕೆ ಬಂದು ನಿಲ್ಲಬೇಕು. ಬೇಸಗೆಯಲ್ಲೊಮ್ಮೆ ಮತ್ತೆ ಪರೀಕ್ಷಿಸಬೇಕು. ಇಟ್ಟ ಅಂಕಿಗಳನ್ನು ದಿನಾಂಕದೊಡನೆ ಬರೆದಿಡಬೇಕು. ತಯಾರಕನು ಕಾಣದ ಲಕ್ಷ ಮನೆಗಳಿಗಾಗಿ ಇಟ್ಟ ಅಂಚನ್ನು ನಾವು ಕಂಡ ಒಂದು ಮನೆಗೆ ತಕ್ಕಂತೆ ಕಿರಿದುಮಾಡಿಕೊಳ್ಳಬಹುದು, ಆದರೆ ಪೂರ್ತಿ ಅಳಿಸಿಹಾಕಲಾಗದು. ಅವನು ಮಾಡಿದ್ದ ಪರೀಕ್ಷೆಯ ಹೊಣೆ ಆ ದಿನದಿಂದ ನಮ್ಮದಾಗುತ್ತದೆ.