ಷೇರುಪೇಟೆಗಳ ಪ್ರಭೇದಗಳು

ಪೇಟೆಯೆಂಬ ಶಬ್ದವು ಸ್ಥಳವಾಚಕವು. ಯಶವಂತಪುರದ ಕೃಷಿ ಮಾರುಕಟ್ಟೆಯಲ್ಲಿ ಸರಕೂ ಕೊಳ್ಳುವವರೂ ಒಂದೆಡೆ ಕೂಡುವುದರಿಂದ ಅಲ್ಲಿ ಈ ಅರ್ಥವು ಸುಸಂಗತವಾಗಿದೆ. ಷೇರುಪೇಟೆಯೆಂಬಲ್ಲಿಯೂ ಅದು ಸಲ್ಲುವುದೇ ಎಂಬುದು ವಿಚಾರಣೀಯವು.

ಮಹಾ ಷೇರುಪೇಟೆಗಳು ಉತ್ಪತ್ತಿಯನ್ನನುಸರಿಸಿ ದ್ವಿವಿಧವಾಗಿವೆ. 1792ರಲ್ಲಿ ಮೊದಲಾದ ನ್ಯೂಯಾರ್ಕಿನದೂ 1875ರಲ್ಲಿ ಸ್ಥಾಪಿತವಾದ ಮುಂಬಯಿಯದೂ ದಲ್ಲಾಳಿಗಳ ಸಂಘಗಳಾಗಿ ಹುಟ್ಟಿದುವು. ಸದಸ್ಯರು ಮುಖಾಮುಖಿಯಾಗಿ ಬೆಲೆಯನ್ನು ಕೂಗಿ ನಿಷ್ಕರ್ಷಿಸುತ್ತಿದ್ದರು. ನ್ಯೂಯಾರ್ಕು ತನ್ನ ವ್ಯಾಪಾರದ ಅಂಗಣವನ್ನು ಇಂದಿಗೂ ಉಳಿಸಿಕೊಂಡಿದೆ; ಮುಂಬಯಿಯು 1995ರಲ್ಲಿ ಗಣಕಯಂತ್ರಕ್ಕೆ ಎಡೆಗೊಟ್ಟಿತು. 1971ರ ನ್ಯಾಸ್ಡ್ಯಾಕ್, 1994ರಲ್ಲಿ ವ್ಯವಹಾರಕ್ಕೆ ತೊಡಗಿದ ನಮ್ಮ ರಾಷ್ಟ್ರೀಯ ಷೇರುಪೇಟೆ, ಇವಾದರೋ ಅಂಗಣವಿಲ್ಲದೆಯೇ ಜನಿಸಿದುವು. ಇವುಗಳಲ್ಲಿಯೂ ಭೇದವುಂಟು: ಆದಿಯಲ್ಲಿ ನ್ಯಾಸ್ಡ್ಯಾಕಿನಲ್ಲಿ ವರ್ತಕರು ತಮ್ಮ ಬೆಲೆಯನ್ನು ಸಾರುತ್ತಿದ್ದರು, ರಾಷ್ಟ್ರೀಯ ಪೇಟೆಯಲ್ಲಿ ಕೊಳ್ಳುವವನ ಆದೇಶವೂ ಮಾರುವವನ ಆದೇಶವೂ ಯಂತ್ರದಲ್ಲಿ ನೇರವಾಗಿ ಸಂಧಿಸುವುವು.

ಈ ಭೇದದ ಫಲವು ಬೆಂಗಳೂರಿನಲ್ಲಿಯೇ ವೇದ್ಯವಾಯಿತು. 1963ರಲ್ಲಿ ಸರಕಾರದ ಮನ್ನಣೆಯನ್ನು ಪಡೆದ ಇಲ್ಲಿಯ ಷೇರುಪೇಟೆಯು ಪ್ರಾಂತದ ಉದ್ಯಮಗಳಿಗೆ ಆಶ್ರಯವಾಗಿದ್ದಿತು. ಯಲಹಂಕದಲ್ಲಿರುವವನಿಗೂ ಮುಂಬಯಿಯ ಬೆಲೆಯು ತತ್‌ಕ್ಷಣವೇ ದೊರೆಯತೊಡಗಲು ವ್ಯಾಪಾರವು ಅತ್ತ ಹರಿಯಿತು. 2014ರಲ್ಲಿ ಈ ಪೇಟೆಯು ಮುಚ್ಚಿತು. ಇಲ್ಲಿ ಮಾತ್ರವೇ ದಾಖಲಾಗಿದ್ದ ಸಣ್ಣ ಕಂಪೆನಿಗಳ ಷೇರುದಾರರು ಎಂದಿನ ವಿಕ್ರಯಸ್ಥಾನವನ್ನು ಕಳೆದುಕೊಂಡರು.

ಆದುದರಿಂದ ಷೇರುಪೇಟೆಯೆಂಬಲ್ಲಿ ಪೇಟೆಯ ವಾಚ್ಯಾರ್ಥವು ಕುಂದಿ ಲಕ್ಷ್ಯಾರ್ಥವೇ ಉಳಿದಿದೆ. ಶಬ್ದವು ನಿಂತಿತು, ಸ್ಥಳವು ಸರಿಯಿತು. ಸ್ಥಳವನ್ನೇ ನಂಬಿದ್ದ ಪೇಟೆಯೂ ಅದರೊಡನೆ ಅಳಿಯಿತು.