ನಕ್ಷೆಗೆ ಹಸಿರು ಬಳಿದರೆ ಪಾರ್ಕಾಯಿತೇ?

ಯಾವುದೇ ಊರಿನ ಮಹಾಯೋಜನೆಯ ನಕ್ಷೆ ಬಿಡಿಸಿ ನೋಡಿ. ಹಳದಿ ಮನೆಗಳಿಗೆ, ನೀಲಿ ಅಂಗಡಿ ಮುಂಗಟ್ಟುಗಳಿಗೆ, ಹಸಿರು ಪಾರ್ಕು-ಬಯಲುಗಳಿಗೆ. ಹಸಿರು ಕಂಡವರಿಗೆ ಖುಷಿಯೋ ಖುಷಿ. ಆದರೆ ಅದೇ ಸರ್ವೆ ನಂಬರಿನ ಪಹಣಿ ತೆಗೆಸಿ. ಎಷ್ಟೋ ಕಡೆ ಒಂಬತ್ತನೇ ಕಾಲಂನಲ್ಲಿ ಇರುವುದು ಸರ್ಕಾರದ ಹೆಸರಲ್ಲ, ಯಾರೋ ಖಾಸಗಿ ಖಾತೆದಾರರದು. ಗುಡ್ಡದ ತಪ್ಪಲು, ಕೆರೆ ಅಂಚಿನ ತೋಟ, ಹಳೇ ಮಾವಿನ ತೋಪು, ಎಲ್ಲದರ ಕಥೆಯೂ ಇದೇ.

ಬಡಾವಣೆಯೊಳಗಿನ ಪಾರ್ಕಿನ ಮಾತು ಬೇರೆ. ಲೇಔಟ್ ಮಾಡುವವನು ಶೇಕಡಾ 10ರಷ್ಟು ಜಾಗ ಪುಕ್ಕಟೆ ಬಿಟ್ಟುಕೊಡಬೇಕು. ಆದರೆ ಊರಿಗೆ ನಿಜವಾಗಿ ಬೇಕಾದ ದೊಡ್ಡ ಬಯಲು, ಕುರುಚಲು ಕಾಡು ಇವು ಪುಕ್ಕಟೆ ಬರುವುದಿಲ್ಲ. ಮಾಲೀಕನ ಮುಂದೆ ಕೂತು, ಮಾತಾಡಿ, ದುಡ್ಡು ಎಣಿಸಬೇಕು.

ಅದಕ್ಕೂ ಗಡುವಿದೆ ಸ್ವಾಮಿ! 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 69ನೇ ಕಲಂ ಓದಿ. ಯೋಜನೆ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದ ಮೇಲೆ ಜಮೀನು ಕೊಳ್ಳಬೇಕು, ಇಲ್ಲವೇ ಭೂಸ್ವಾಧೀನದ ಕ್ರಮವನ್ನಾದರೂ ಶುರು ಮಾಡಬೇಕು. ಎರಡೂ ಆಗದಿದ್ದರೆ 'ಪಾರ್ಕು' ಎಂಬ ಗುರುತು ತಾನಾಗಿಯೇ ಬಿದ್ದುಹೋಗುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಗೆ ಮಂಜೂರಾತಿ ಸಿಕ್ಕಿದ್ದು 2007ರ ಜೂನ್‌ನಲ್ಲಿ. 2012ರ ಜೂನ್‌ಗೆ ಐದು ವರ್ಷ ಮುಗಿಯಿತು. ಆಮೇಲೆ ಮಾಲೀಕರು ಹೈಕೋರ್ಟಿಗೆ ಹೋಗಿ ಹಸಿರು ಅಳಿಸಿಕೊಂಡು ಬಂದ ಉದಾಹರಣೆಗಳಿವೆ.

ಮಾಲೀಕರನ್ನು ಬೈಯ್ಯುವುದು ಸುಲಭ. ಆದರೆ ಅವರ ಪಾಡು ನೋಡಿ. ಹಸಿರು ಬಿದ್ದ ಜಮೀನಿನಲ್ಲಿ ಮನೆ ಕಟ್ಟಲು ಲೈಸೆನ್ಸ್ ಇಲ್ಲ, ಕೊಳ್ಳಲು ಬಂದವನು ನಕ್ಷೆ ನೋಡಿ ವಾಪಸ್ ಹೋಗುತ್ತಾನೆ. ಮಗಳ ಮದುವೆಗೆ ಅರ್ಧ ಎಕರೆ ಮಾರೋಣವೆಂದರೆ ಗಿರಾಕಿಯಿಲ್ಲ. ಕೊಂಡುಕೊಳ್ಳುತ್ತೇವೆ ಎಂದ ಪ್ರಾಧಿಕಾರದಿಂದ ಒಂದು ಕಾಗದವೂ ಇಲ್ಲ. ಊರಿಗೆಲ್ಲ ಗಾಳಿ ಕೊಡುವ ಭಾರ ಒಬ್ಬನ ತಲೆ ಮೇಲೆ ಹೊರಿಸುವುದು ಯಾವ ನ್ಯಾಯ?

ಸರಿ, ಮಾತುಕತೆಗೆ ಕೂತರು ಎನ್ನೋಣ. ಸಾಮಾನ್ಯವಾಗಿ ನಡೆಯುವುದು ಹೀಗೆ:

"ಗೌಡ್ರೆ, ಊರಿಗೋಸ್ಕರ ಬಿಟ್ಟುಕೊಡಿ."

"ಕೊಡೋಣ ಸ್ವಾಮಿ. ಪಕ್ಕದ ಜಮೀನು ಸೈಟಾಗಿ ಅಡಿ ಲೆಕ್ಕದಲ್ಲಿ ಹೋಗ್ತಾ ಇದೆ. ನಂದನ್ನ ಮಾತ್ರ ಎಕರೆ ಲೆಕ್ಕದಲ್ಲಿ ಕೇಳ್ತೀರಲ್ಲ?"

ಇಲ್ಲಿಗೆ ಮಾತು ನಿಲ್ಲುತ್ತದೆ. 2014ರ ಜನವರಿಯಿಂದ ಜಾರಿಯಲ್ಲಿರುವ ಕೇಂದ್ರದ ಭೂಸ್ವಾಧೀನ ಕಾಯಿದೆಯ ಪ್ರಕಾರ, ಪಟ್ಟಣದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತ ಸಾಂತ್ವನ ಧನ ಸೇರಿಸಬೇಕು, ಅಂದರೆ ದುಪ್ಪಟ್ಟು. ಮಾರುಕಟ್ಟೆ ಬೆಲೆ ತಿಳಿಯಲು ಮಾರ್ಗಸೂಚಿ ದರದ ಜೊತೆಗೆ ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನೂ ನೋಡುತ್ತಾರೆ. ತಮಾಷೆ ಇರುವುದೇ ಇಲ್ಲಿ. ಮುದ್ರಾಂಕ ಶುಲ್ಕ ಉಳಿಸಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಡಿಮೆ ಬರೆಸಿದವರೇ, ಪರಿಹಾರದ ದಿನ ಆ ಕಡಿಮೆ ಲೆಕ್ಕ ನೋಡಿ ಬಾಯಿ ಬಡಿದುಕೊಳ್ಳುವುದು.

ನಗದು ಇಲ್ಲವೆಂದರೆ ಟಿ.ಡಿ.ಆರ್. ಇದೆ. ಜಮೀನು ಬಿಟ್ಟುಕೊಟ್ಟವನಿಗೆ ಬೇರೆ ಕಡೆ ಹೆಚ್ಚು ಕಟ್ಟುವ ಹಕ್ಕಿನ ಪತ್ರ, ಬೇಕಾದರೆ ಮಾರಬಹುದು. ಬಿಲ್ಡರುಗಳಿರುವ ದೊಡ್ಡ ಊರಲ್ಲಿ ಅದಕ್ಕೆ ಬೆಲೆ. ಎರಡನೇ ಮಹಡಿಗೇ ಗಿರಾಕಿಯಿಲ್ಲದ ಊರಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡೋದು?

ಮಾತುಕತೆ ಬಿಟ್ಟು ಕಾನೂನಿನ ಬಲದಿಂದಲೇ ಪಡೆದರಾಯಿತು ಎನ್ನುವವರು ಬೆಂಗಳೂರು ಅರಮನೆ ಮೈದಾನ ನೋಡಬೇಕು. 1996ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿ, 472 ಎಕರೆಗೆ 11 ಕೋಟಿ ರೂಪಾಯಿ ಎಂದು ಸರ್ಕಾರವೇ ಗೊತ್ತುಮಾಡಿತು. 1997ರಲ್ಲಿ ಹೈಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು; 2025ರ ಆರಂಭಕ್ಕೂ ಮುಗಿದಿರಲಿಲ್ಲ. ಈ ನಡುವೆ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಅದರಲ್ಲೇ 15 ಎಕರೆ ಚಿಲ್ಲರೆ ಬೇಕಾಯಿತು. ಅದಕ್ಕೆ ಟಿ.ಡಿ.ಆರ್. ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರ ಲೆಕ್ಕ ಹಾಕಿದರೆ 3,011 ಕೋಟಿ! ಕಂಗಾಲಾಗಿ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಇಡೀ ಮೈದಾನಕ್ಕೆ 11 ಕೋಟಿ, ಅಂಚಿನ ತುಂಡಿಗೆ ಮೂರು ಸಾವಿರ ಕೋಟಿ. ಯಾವ ಲೆಕ್ಕ ಸರಿ ಎನ್ನುವುದು ಕೋರ್ಟಿನ ಕೆಲಸ. ತಡ ಮಾಡಿದರೆ ಬೆಲೆ ನಮಗಾಗಿ ಕಾಯುವುದಿಲ್ಲ ಎನ್ನುವುದು ಮಾತ್ರ ಗೊತ್ತಾಯಿತಲ್ಲ.

ಹಾಗಾದರೆ ದುಡ್ಡೆಲ್ಲಿಂದ? ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೋಲ್ಡರ್ ಎಂಬ ಬೆಟ್ಟದ ಬುಡದ ಊರಿದೆ. 1962ರಲ್ಲಿ ಬೆಟ್ಟದಂಚಿನ 155 ಎಕರೆಯಲ್ಲಿ ಹೋಟೆಲು ಬರುತ್ತದೆಂದು ಗುಲ್ಲಾದಾಗ, ಜನ ವೋಟು ಹಾಕಿ 1,05,000 ಡಾಲರ್ ಸಾಲಪತ್ರಕ್ಕೆ ಒಪ್ಪಿದರು, ಜಾಗ ಊರಿನದಾಯಿತು. ಪ್ರತಿ ಸಲ ಹೀಗೆ ಓಡಾಡಲು ಆಗುತ್ತದೆಯೇ? 1967ರಲ್ಲಿ ಮತ್ತೆ ವೋಟು ಹಾಕಿ, ಬಯಲು ಕೊಳ್ಳುವುದಕ್ಕೆಂದೇ ಮಾರಾಟ ತೆರಿಗೆ ಹೇರಿಕೊಂಡರು. ನೂರು ಡಾಲರ್ ವ್ಯಾಪಾರಕ್ಕೆ 40 ಸೆಂಟು. ವರ್ಷ ವರ್ಷ ಬರುವ ಹಣ ಕೈಯಲ್ಲಿದ್ದುದರಿಂದ ಮಾಲೀಕರ ಜೊತೆ ಚೌಕಾಸಿಗೆ ಕೂರಲು ಸಾಧ್ಯವಾಯಿತು. ಈಗ ಊರಿನ ರಕ್ಷಣೆಯಲ್ಲಿರುವುದು 45,000 ಎಕರೆಗೂ ಮೇಲೆ. ಕೊಂಡ ಹೊಲಗಳನ್ನು ರೈತರಿಗೇ ಗೇಣಿಗೆ ಕೊಟ್ಟು ಸಾಗುವಳಿ ಮುಂದುವರಿಸಿದ್ದಾರೆ. ಹಾಗೆಂದು ಅದೇನೂ ಸ್ವರ್ಗವಲ್ಲ. ಅಲ್ಲಿ ಮನೆ ಬೆಲೆ ಸಾಮಾನ್ಯರ ಕೈಗೆ ಎಟುಕದು. ಬಯಲು ಉಳಿಸಿದ್ದೂ ಒಂದು ಕಾರಣ ಎಂದು ದೂರುವವರಿದ್ದಾರೆ.

ನಮ್ಮಲ್ಲಿ ಹೊಸ ತೆರಿಗೆ ಎಂದರೆ ಯಾವ ಸದಸ್ಯರೂ ಬಾಯಿ ಬಿಡುವುದಿಲ್ಲ. ಇರಲಿ. ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ. ನಮ್ಮ ಊರಿನ ಮಹಾಯೋಜನೆ ಪ್ರಕಟವಾದ ತಾರೀಖು ಯಾವುದು? ಹಸಿರು ಬಳಿದ ಖಾಸಗಿ ಸರ್ವೆ ನಂಬರುಗಳಲ್ಲಿ ಎಷ್ಟಕ್ಕೆ ಮಾಲೀಕರೊಂದಿಗೆ ಮಾತುಕತೆ ನಡೆದಿದೆ? ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಗಡುವು 30 ದಿನ.